ಸುಮ್ನೆ ಒಂದು ರೌಂಡು

ಡಿಸೆಂಬರ್ 20 ದಾಟಿದ ಮೇಲೆ ಯಾವುದಾದರೂ ಸಂಜೆ ಬೆಂಗಳೂರಿನ ಎಂ.ಜಿ. ರಸ್ತೆ ಮೆಟ್ರೊ ನಿಲ್ದಾಣದ ಮೆಟ್ಟಿಲಿಳಿದು ಬರುವ ಒಂದು ಸಂಸಾರವನ್ನು ಯಾರು ಬೇಕಾದರೂ ಗುರುತು ಹಿಡಿಯಬಹುದು. ಯಜಮಾನರ ತಲೆಗೆ ಮಂಕಿ ಕ್ಯಾಪು, ಮನೆಯವರ ಕೈಯಲ್ಲಿ ನೀರಿನ ಬಾಟಲಿ ಮತ್ತು ಚಕ್ಕುಲಿ ಡಬ್ಬಿ ಇರುವ ಬಟ್ಟೆಚೀಲ, ಮೊಮ್ಮಗನ ತಲೆಯ ಮೇಲೆ ಸಿಗ್ನಲ್‌ನಲ್ಲಿ ಚೌಕಾಸಿ ಮಾಡಿ ಕೊಂಡ ಕೆಂಪು ಸಾಂಟಾ ಟೋಪಿ. ಇವರಿಗೆ ಈ ಕಡೆ ನೆಂಟರಿಲ್ಲ, ಪಾರ್ಟಿ ಇಲ್ಲ, ಕೊಳ್ಳುವುದೂ ಏನಿಲ್ಲ. ಯಾಕೆ ಬಂದಿರಿ ಎಂದರೆ, "ಏನಿಲ್ಲ ಸಾರ್, ಸುಮ್ನೆ ಒಂದು ರೌಂಡು. ಲೈಟು ನೋಡ್ಕೊಂಡು ಹೋಗೋಣ ಅಂತ" ಎನ್ನುತ್ತಾರೆ. ಇವರನ್ನು ರೌಂಡ್‌ರಾಯರು ಎಂದು ಕರೆಯೋಣ. ಗೋವಾಕ್ಕೋ ಕೊಡಗಿಗೋ ಹೋಗುವವರೆಲ್ಲ ಹೋಗಿ, ಕಂಪನಿಗಳು ವರ್ಷದ ಕೊನೆಯ ರಜೆ ಕೊಟ್ಟು ರಸ್ತೆಗಳು ಕೊಂಚ ಉಸಿರಾಡುವ ವಾರವೇ ಇವರ ಋತು. ಹಬ್ಬ ತಮ್ಮದಲ್ಲದಿದ್ದರೂ ಹಬ್ಬದ ಸಿಂಗಾರವನ್ನು ಬಿಡದೆ ನೋಡುವ ಈ ಜಾತಿಯನ್ನು ಕಂಡು ನಗುವವರು ಬಹಳ. ನಗಲಿ. ಆದರೆ ಕರೆಯದೆ ಬಂದವರೆಂದು ನಗುವುದಾದರೆ ಮಾತ್ರ ಅದು ತಪ್ಪು ಲೆಕ್ಕ. ಇಡೀ ಊರಿನ ಕ್ರಿಸ್‌ಮಸ್ ಅಲಂಕಾರ ಯಾರಿಗಾಗಿ ಎಂದು ವಿಚಾರಿಸಿದರೆ, ಉತ್ತರ ಮಂಕಿ ಕ್ಯಾಪಿನ ಕೆಳಗೇ ಸಿಗುತ್ತದೆ.

ಮೊದಲ ಸಾಕ್ಷ್ಯ ಚರಿತ್ರೆಯದು. ಕ್ರಿಸ್‌ಮಸ್ ಗೋದಲಿಯ ಸಂಪ್ರದಾಯವನ್ನು 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ಆರಂಭಿಸಿದವರು ಅಸಿಸಿಯ ಸಂತ ಫ್ರಾನ್ಸಿಸ್. ಹುಲ್ಲು ಹಾಸಿ, ನಿಜವಾದ ಎತ್ತು ಕತ್ತೆಗಳನ್ನೇ ತಂದು ನಿಲ್ಲಿಸಿ ಅವರು ಆ ದೃಶ್ಯ ಕಟ್ಟಿದ್ದು, ಏಸು ಹುಟ್ಟಿದ ಬಡತನವನ್ನು ಜನ ಕಣ್ಣಾರೆ ಕಾಣಲಿ ಎಂದು. ಉಪದೇಶ ಕೇಳುವುದಕ್ಕೆ ಕಿವಿ ಸಾಕು. ಗೋದಲಿಗೆ ನೋಡುಗರೇ ಬೇಕು. ಇನ್ನು ವಿದ್ಯುದ್ದೀಪದ ಮಾತು. 1882ರಲ್ಲಿ ನ್ಯೂಯಾರ್ಕಿನ ತನ್ನ ಮನೆಯಲ್ಲಿ ಕ್ರಿಸ್‌ಮಸ್ ಮರಕ್ಕೆ ಕೆಂಪು, ಬಿಳಿ, ನೀಲಿ ಬಣ್ಣದ 80 ಬಲ್ಬು ಕಟ್ಟಿಸಿದ ಎಡ್ವರ್ಡ್ ಜಾನ್ಸನ್, ಎಡಿಸನ್ನನ ಕಂಪನಿಯ ದೊಡ್ಡ ಅಧಿಕಾರಿ. ಆತ ಪತ್ರಿಕೆಯವರನ್ನು ಕರೆದು ಅದನ್ನು ತೋರಿಸಿದ. ನಾಲ್ಕೂ ಕಡೆಯಿಂದ ಕಾಣಲೆಂದು ಮರ ತನ್ನಷ್ಟಕ್ಕೆ ತಿರುಗುವ ಏರ್ಪಾಟೂ ಇತ್ತು. ಅಂದರೆ ಅಂದು ರೌಂಡ್ ಹೊಡೆದದ್ದು ಮರವೇ. ಮರಗಳು ನಿಂತಲ್ಲೇ ನಿಲ್ಲತೊಡಗಿದ ಮೇಲೆ ಆ ಕೆಲಸ ರೌಂಡ್‌ರಾಯರ ಪಾಲಿಗೆ ಬಂತು. ಸಂತನಿರಲಿ, ಸಾಮಾನು ಮಾರುವವನಿರಲಿ, ಇಬ್ಬರೂ ಮೊದಲಿಗೆ ಬಯಸಿದ್ದು ಬಂದು ನೋಡುವವರನ್ನು.

ಎರಡನೆಯ ಸಾಕ್ಷ್ಯ ನಮ್ಮ ಮನೆಯದೇ. ರೌಂಡ್‌ರಾಯರು ಪಾಶ್ಚಾತ್ಯ ಗಾಳಿ ತಾಗಿ ಹುಟ್ಟಿದವರಲ್ಲ. ಅವರ ವಂಶಾವಳಿ ನವರಾತ್ರಿಯಲ್ಲಿದೆ. ಹಳೆಯ ಮೈಸೂರಿನ ಕಡೆ ಸಂಜೆಯಾದರೆ ಮಕ್ಕಳ ದಂಡು ಬೀದಿಗಿಳಿದು, ಪರಿಚಯ ಇದೆಯೋ ಇಲ್ಲವೋ ನೋಡದೆ, "ರೀ, ಗೊಂಬೆ ಕೂರಿಸಿದ್ದೀರಾ?" ಎಂದು ಕಂಡವರ ಬಾಗಿಲಲ್ಲಿ ಕೂಗುತ್ತಿತ್ತು. ಪಟ್ಟದ ಗೊಂಬೆ ನೋಡಿ, ಹಾಡು ಬಂದವರು ಹಾಡು ಹೇಳಿ, ಗೊಂಬೆ ಬಾಗಿನ ಕೈಗೆ ಬಿದ್ದ ಮೇಲೆ ಮುಂದಿನ ಮನೆ. ಗೊಂಬೆ ಕೂರಿಸಿದವರಿಗೆ ನೋಡಲು ಬಂದವರೇ ಹಬ್ಬ. ಒಬ್ಬರೂ ಬಾರದಿದ್ದರೆ ಅದು ಮೆಟ್ಟಿಲ ಮೇಲಿಟ್ಟ ಮರದ ಸಾಮಾನು. ಮೈಸೂರು ಅರಮನೆಗೆ ಹೊದಿಸಿರುವ ಸುಮಾರು ಒಂದು ಲಕ್ಷ ಬಲ್ಬು ಹೊತ್ತಿಕೊಳ್ಳುವ ಕ್ಷಣಕ್ಕಾಗಿ ಕತ್ತೆತ್ತಿ ನಿಂತು, ಹೊತ್ತಿಕೊಂಡಾಗ ಒಕ್ಕೊರಲಿನಿಂದ "ಓ" ಎಂದ ಜನರ ಮಕ್ಕಳು ಮೊಮ್ಮಕ್ಕಳು ಇವರು. ಹೀಗಾಗಿ ರೌಂಡ್‌ರಾಯರ ಪಂಚಾಂಗದಲ್ಲಿ ತಿಥಿಗಿಂತ ಜಾಗ ಮುಖ್ಯ. ಗಣೇಶನ ಪೆಂಡಾಲು, ಬಸವನಗುಡಿಯ ಕಡಲೆಕಾಯಿ ಪರಿಷೆ, ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನ, ನಗರ್ತಪೇಟೆಯ ಕರಗ. ಇವುಗಳ ಸಾಲಿನಲ್ಲಿ ಡಿಸೆಂಬರಿಗೆ ಬ್ರಿಗೇಡ್ ರಸ್ತೆಯ ದೀಪ, ಶಿವಾಜಿನಗರದ ಸೇಂಟ್ ಮೇರಿ ಬೆಸಿಲಿಕಾ, ಸಕ್ಕರೆಯಲ್ಲಿ ಕೋಟೆ ಕೊತ್ತಲ ಕಟ್ಟಿ ನಿಲ್ಲಿಸುವ ಕೇಕ್ ಪ್ರದರ್ಶನ. 1970ರ ದಶಕದಿಂದ ನಡೆದು ಬಂದಿರುವ ಆ ಪ್ರದರ್ಶನದಲ್ಲಿ ಇವರು ತಪ್ಪದೆ ಕೇಳುವ ಪ್ರಶ್ನೆ ಎರಡು: "ಇದನ್ನ ತಿನ್ನಬಹುದಾ?" ಮತ್ತು "ಮುಗಿದ ಮೇಲೆ ಏನು ಮಾಡ್ತೀರಿ?"

ಗೋದಲಿಯ ಮುಂದೆ ಇವರನ್ನು ನೋಡಬೇಕು. ಚರ್ಚಿಗೆ ಬಂದವರೆಲ್ಲ ಬೂಟು ಹಾಕಿಕೊಂಡೇ ನಿಂತಿದ್ದರೆ ರಾಯರು ಚಪ್ಪಲಿ ಬಿಟ್ಟು, ಅದರ ಮೇಲೊಂದು ಕಣ್ಣಿಟ್ಟು ಕೈಮುಗಿಯುತ್ತಾರೆ. ಬಂಡೆಯಂತೆ ಕಾಣುವುದು ಬಣ್ಣ ಬಳಿದು ಮುದುರಿದ ಕಾಗದ, ಹಿಮ ಎಂದರೆ ಹತ್ತಿ ಎಂಬುದನ್ನು ಮೊಮ್ಮಗನಿಗೆ ವಿವರಿಸುವಷ್ಟರಲ್ಲಿ ಮನೆಯವರು ಕುರಿಗಳ ಕಾಲ ಬುಡಕ್ಕೆ ಬಗ್ಗಿ, "ಇದು ರಾಗಿ ಪೈರು ಕಣ್ರೀ, ಚೆಲ್ಲಿ ಒಂದು ವಾರ ಆಗಿರಬೇಕು" ಎಂದು ತೀರ್ಪು ಕೊಡುತ್ತಾರೆ. ತೀರ್ಪು ಸರಿ. ಗೊಂಬೆಯ ಪಾರ್ಕಿಗೆಂದು ತಟ್ಟೆಯಲ್ಲಿ ರಾಗಿಯನ್ನೋ ಸಾಸಿವೆಯನ್ನೋ ಮೊಳಕೆ ಬರಿಸಿದ ಕಣ್ಣು ಅದು; ಬೆತ್ಲೆಹೇಮಿನ ಹುಲ್ಲುಗಾವಲನ್ನು ಅದೇ ಉಪಾಯದಿಂದ ಬೆಳೆಸಿದವರ ಶ್ರಮ ಅದಕ್ಕೆ ಕೂಡಲೇ ಗೊತ್ತಾಗುತ್ತದೆ. ಅಷ್ಟರಲ್ಲಿ ರಾಯರಿಗೊಂದು ಆತಂಕ. ಮೇರಿ ಇದ್ದಾಳೆ, ಜೋಸೆಫ್ ಇದ್ದಾನೆ, ದನ ಕುರಿ ಎಲ್ಲ ಇವೆ, ನಡುವಿನ ಹುಲ್ಲಿನ ತೊಟ್ಟಿಲು ಖಾಲಿ. "ಮಗೂನೇ ಇಲ್ವಲ್ಲ, ಯಾರೋ ಎತ್ಕೊಂಡು ಹೋಗಿದಾರೆ" ಎಂದು ಕಾವಲಿನವನಿಗೆ ದೂರು ಕೊಡುತ್ತಾರೆ. ಮಗುವನ್ನು ಮಲಗಿಸುವುದು 24ರ ರಾತ್ರಿಯ ಪೂಜೆಯ ಹೊತ್ತಿಗೆ ಎಂದು ತಿಳಿದ ಮೇಲೆ, ಮುಂದಿನ ಹತ್ತು ನಿಮಿಷದಲ್ಲಿ ಅಲ್ಲಿಗೆ ಬಂದವರಿಗೆಲ್ಲ ಆ ವಿಷಯವನ್ನು ತಮ್ಮದೇ ಸಂಶೋಧನೆಯೆಂಬಂತೆ ಹಂಚುತ್ತಾರೆ.

ಇಲ್ಲಿ ಗಂಭೀರವಾದ ಆಕ್ಷೇಪಣೆಯೊಂದು ಬರುತ್ತದೆ. ಒಬ್ಬರ ಪ್ರಾರ್ಥನೆ ಇನ್ನೊಬ್ಬರಿಗೆ ಪ್ರದರ್ಶನವಾಗುವುದು ಸರಿಯೇ? ನಂಬಿಕೆ ಇಲ್ಲದೆ ನೋಡುವುದು ಅಗೌರವವಲ್ಲವೇ? ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಪೂಜೆ ನಡೆಯುತ್ತಿರುವಾಗ ಮೊಬೈಲ್ ಎತ್ತಿ ಹಿಡಿಯುವುದು, ಪರಮಪ್ರಸಾದದ ಸಾಲನ್ನು ಕಂಡು ಪುಳಿಯೋಗರೆಯ ಸಾಲೆಂದು ಭಾವಿಸಿ ಹೋಗಿ ನಿಲ್ಲುವುದು, ಎರಡೂ ತಪ್ಪು. ಪರಮಪ್ರಸಾದ ದೀಕ್ಷಾಸ್ನಾನ ಪಡೆದ ಭಕ್ತರಿಗೆ ಮೀಸಲು. ರೌಂಡಿನ ಹಕ್ಕು ಅದರ ಈಚೆಗೇ ಮುಗಿಯುತ್ತದೆ. ಆದರೆ ಆ ಗೆರೆಯ ಈಚೆಗಿರುವ ಅಂಗಳವನ್ನು ಎಲ್ಲರಿಗೂ ತೆರೆದಿಟ್ಟವರು ಚರ್ಚಿನವರೇ. ಶಿವಾಜಿನಗರದ ಮೇರಿ ಮಾತೆ ಸೀರೆ ಉಟ್ಟು ನಿಂತಿದ್ದಾಳೆ. ಅಲ್ಲಿಯೂ ವಿವೇಕನಗರದ ಬಾಲಯೇಸುವಿನ ಬಳಿಯೂ ಮೊಂಬತ್ತಿ ಹಚ್ಚುವವರ ಸಾಲಿನಲ್ಲಿ ಕುಂಕುಮದ ಹಣೆಗಳು ಧಾರಾಳ. ಚಪ್ಪಲಿ ಬಿಟ್ಟು ಕೈಮುಗಿದವರಿಗೆ ಅಲ್ಲಿನ ಮಂತ್ರ ಬಾರದಿರಬಹುದು, ಮರ್ಯಾದೆ ಬರುತ್ತದೆ. ನೆರೆಯವರ ಹಬ್ಬದ ಬಗ್ಗೆ ಏನೂ ನೋಡದೆಯೇ ಅಭಿಪ್ರಾಯ ಇಟ್ಟುಕೊಂಡಿರುವವರಿಗಿಂತ, ನೋಡಿ ಅಭಿಪ್ರಾಯವೇ ಇಲ್ಲದೆ ಮನೆಗೆ ಹೋಗುವ ರಾಯರಿಂದ ಊರಿಗೆ ಕ್ಷೇಮ.

ಇನ್ನು ಕೆಲವರು ಹೇಳುವುದು, ಇದೆಲ್ಲ ಮಾಲ್‌ಗಳ ಆಟ, ದೀಪ ತೋರಿಸಿ ಜೇಬು ಕತ್ತರಿಸುವ ಉಪಾಯ ಎಂದು. ಉಪಾಯ ಹೌದು, ಆದರೆ ರಾಯರ ಜೇಬಿನ ಎದುರು ಅದು ಸೋತಿದೆ. ಮೂರು ಮಹಡಿ ಎತ್ತರದ ಮರದ ಕೆಳಗೆ ಆರು ಕೋನದಿಂದ ಫೋಟೊ ತೆಗೆಸಿಕೊಂಡು, ಎಸಿಯಲ್ಲಿ ಅರ್ಧ ಗಂಟೆ ಕೂತು, ಅಂಗಡಿಗಳ ಬೆಲೆಪಟ್ಟಿ ಓದಿ "ಅಬ್ಬಬ್ಬಾ" ಎಂದು, ಮೊಮ್ಮಗನಿಗೊಂದು ಕಪ್ ಸ್ವೀಟ್ ಕಾರ್ನ್ ಕೊಡಿಸಿ ಹೊರಬೀಳುವ ಈ ಗಿರಾಕಿ, ವ್ಯಾಪಾರದ ಲೆಕ್ಕದಲ್ಲಿ ಶುದ್ಧ ನಷ್ಟದ ಬಾಬತ್ತು. ಮಾರಲು ಹಚ್ಚಿದ ದೀಪವನ್ನು ಬಿಟ್ಟಿಯಾಗಿ ಸವಿಯುವುದೂ ಒಂದು ವಿದ್ಯೆ. ವಿದೇಶಿ ವ್ಯಾಮೋಹ ಎನ್ನುವವರಿಗೂ ಉತ್ತರವಿದೆ. ತಲಶ್ಶೇರಿಯ ಮಾಂಬಳ್ಳಿ ಬಾಪು 1883ರಲ್ಲೇ ಕ್ರಿಸ್‌ಮಸ್ ಕೇಕ್ ಸುಟ್ಟ ಕಥೆ ಪ್ರಸಿದ್ಧ. ಮಂಗಳೂರಿನ ಕ್ರೈಸ್ತರ ಮನೆಗಳಿಂದ ನೆರೆಮನೆಗೆ ಹೋಗುವ ಕುಸ್ವಾರ್ ತಟ್ಟೆಯಲ್ಲಿ ಕೇಕಿಗಿಂತ ಚಕ್ಕುಲಿ, ಎಳ್ಳುಂಡೆ, ಕರ್ಜಿಕಾಯಿಯ ಸೋದರರಾದ ನೆವ್ರಿಗಳೇ ಜಾಸ್ತಿ. ಬೆಂಗಳೂರಿನ ಅಯ್ಯಂಗಾರ್ ಬೇಕರಿಯಲ್ಲೂ ಡಿಸೆಂಬರಿಗೆ ಎಗ್‌ಲೆಸ್ ಪ್ಲಮ್ ಕೇಕ್ ಬರುತ್ತದೆ. ರಾಯರು ಕಾಲು ಕೆ.ಜಿ. ಕಟ್ಟಿಸಿಕೊಳ್ಳುವುದು ಅದನ್ನೇ, ಅದೂ "ಮೊಟ್ಟೆ ಇಲ್ಲ ತಾನೆ?" ಎಂದು ಮೂರು ಸಲ ಕೇಳಿ. ಇಷ್ಟು ಒಗ್ಗಿದ ಮೇಲೂ ಪರದೇಶಿ ಎನ್ನುವುದಾದರೆ ಮೆಣಸಿನಕಾಯಿಯನ್ನೂ ಅಡುಗೆಮನೆಯಿಂದ ಆಚೆ ಹಾಕಬೇಕಾಗುತ್ತದೆ.

ಕೊನೆಯ ದೂರು ಗದ್ದಲದ್ದು. ನೋಡುವವರು ಸೇರಿಯೇ ಅಲ್ಲವೇ ನೂಕುನುಗ್ಗಲು? ಈ ವಿಷಯದಲ್ಲಿ ರಾಯರು ನಿರಪರಾಧಿ. ಬ್ರಿಗೇಡ್ ರಸ್ತೆ ಕಿಕ್ಕಿರಿಯುವುದು 31ರ ರಾತ್ರಿ. ಆ ಹೊತ್ತಿಗೆ ಅವರು ಮನೆಯಲ್ಲಿ ಗೊರಕೆ ಹೊಡೆಯುತ್ತಿರುತ್ತಾರೆ. ಕಾರು ತರುವುದಿಲ್ಲ, ಹಾರ್ನ್ ಮಾಡುವುದಿಲ್ಲ, ರಾತ್ರಿ ಒಂಬತ್ತರೊಳಗೆ ಮೆಟ್ರೊ ಹತ್ತಿರುತ್ತಾರೆ. ತಮ್ಮ ಖುಷಿಗೆ ಇನ್ನೊಬ್ಬರ ನಿದ್ದೆ ಕೆಡಿಸದ ಸಂಭ್ರಮ ಈ ಊರಿನಲ್ಲಿ ಅಪರೂಪದ ಸರಕು. ಆದ್ದರಿಂದ ಇವರನ್ನು ಗೇಲಿ ಮಾಡುವ ಬದಲು ಓದುಗರೂ ಇವರ ಗುಂಪು ಸೇರುವುದು ಮೇಲು. ಪೂಜೆಯ ಹೊತ್ತು ಬಿಟ್ಟು ಹೋಗಿ, ಫೋಟೊಗೆ ಮೊದಲು ಕೇಳಿ, ಕುಸ್ವಾರ್ ತಟ್ಟೆ ಬಂದರೆ ಖಾಲಿ ತಟ್ಟೆ ವಾಪಸು ಕಳಿಸಬೇಡಿ. ಡಿಸೆಂಬರ್ 25 ತಪ್ಪಿತೆಂದು ಕೊರಗುವುದೂ ಬೇಡ. ಮೂವರು ಜ್ಞಾನಿಗಳ ಹಬ್ಬ ಜನವರಿ 6ಕ್ಕೆ. ಬಹಳಷ್ಟು ಚರ್ಚುಗಳಲ್ಲಿ ಗೋದಲಿ ಅಲ್ಲಿಯವರೆಗೂ ಇರುತ್ತದೆ. ಆಗ ತೊಟ್ಟಿಲಲ್ಲಿ ಮಗುವೂ ಇರುತ್ತದೆ.