ತೂಕ ಇಳಿಸಿದ ಮಾರುತಿ

ಪಿರಿಯಾಪಟ್ಟಣದಲ್ಲಿ ಹೊಗೆಸೊಪ್ಪಿನ ದುಡ್ಡು ಕೈಸೇರಿದ್ದೇ ತಡ, ಕೆಲವು ಹುಡುಗರಿಗೆ ಕಾರ್ ರ‍್ಯಾಲಿ ಜ್ವರ ಏರುತ್ತದೆ. 2016ರಲ್ಲಿ ಏಷ್ಯಾ ಪೆಸಿಫಿಕ್ ರ‍್ಯಾಲಿಯೇ ಚಿಕ್ಕಮಗಳೂರಿನ ಕಾಫಿ ತೋಟಗಳಿಗೆ ಬಂದಿತ್ತಲ್ಲ, ನಾವೇನು ಕಮ್ಮಿ?

ಹಳೇ ಮಾರುತಿ 800 ಬರುತ್ತದೆ. ತೂಕ ಇಳಿಸಲು ಹಿಂದಿನ ಸೀಟು, ಕಾರ್ಪೆಟ್ಟು, ಸ್ಪೀಕರ್ ಎಲ್ಲ ಜಗುಲಿಗೆ. “ಕಾರ್ ತಂದ್ಯೋ, ಗುಜ್ರಿ ತಂದ್ಯೋ ಮಗಾ?” ಅಜ್ಜಿಯ ಪ್ರಶ್ನೆ. ಅಷ್ಟೆಲ್ಲ ಇಳಿಸಿದ ಮೇಲೆ ಬಾಡೂಟದಲ್ಲಿ ಬೆಳೆದ ಚಾಲಕ ಹತ್ತಿ ಕೂರುತ್ತಾನೆ. 796 ಸಿಸಿಯ ಮೂರು ಸಿಲಿಂಡರೂ ಒಟ್ಟಿಗೆ ನಿಟ್ಟುಸಿರಿಡುತ್ತವೆ.

ಕಾರು ಮಗುಚಿದರೆ ಒಳಗಿದ್ದವರನ್ನು ಕಾಯುವ ಪೈಪಿನ ಪಂಜರ, ಅಂದರೆ ರೋಲ್ ಕೇಜನ್ನು ಮಾತ್ರ ಕಿಟಕಿ ಗ್ರಿಲ್ ಮಾಡುವವರ ಕೈಗೆ ಕೊಡಬೇಡಿ. ಅದಕ್ಕೆ ಸೀಮ್‌ಲೆಸ್ ಉಕ್ಕಿನ ಪೈಪೇ ಬೇಕು. ದುಡ್ಡು ಮೊದಲು ಬ್ರೇಕು, ಟೈರು, ಹೆಲ್ಮೆಟ್ಟಿಗೆ ಹೋಗಲಿ. ಉಳಿದರೆ ಎಂಜಿನ್ನಿಗೆ. ಸ್ಟಿಕ್ಕರು ಕೊನೆಗೆ. ನಮ್ಮವರು ಸ್ಟಿಕ್ಕರಿನಿಂದಲೇ ಶುರು ಮಾಡುತ್ತಾರೆ, ಅಷ್ಟೇ ತೊಂದರೆ.