ಸೆಲ್ಫ್ ಹೊಡೀರಿ, ಕೇಳೂಣು

'ಕೆಟ್ಟು ಪಟ್ಟಣ ಸೇರು' ಅಂದವರ ಮನೆಯಲ್ಲಿ ಕಾರು ಇರಲಿಲ್ಲ. ನಮ್ಮದು ಪಟ್ಟಣ ಸೇರಿದ ಮೇಲೆ ಕೆಟ್ಟಿತು. ಪಟ್ಟಣ ಸೊಲ್ಲಾಪುರ. ಕಾರು ಮಾರುತಿ 800, ವಿಜಯಪುರದ ಕೆಎ-28 ನಂಬರಿನದು. ನೂರು ಕಿಲೋಮೀಟರು ಬಾಯಿ ಬಿಡದೆ ಬಂದದ್ದು, ಸಿದ್ಧೇಶ್ವರನ ದರ್ಶನ ಮುಗಿಸಿ ಬಂದು ಕೀಲಿ ತಿರುವಿದರೆ 'ಟಕ್' ಅಂದಿತು. ಇನ್ನೊಮ್ಮೆ ತಿರುವಿದರೆ ಇನ್ನೊಂದು 'ಟಕ್'. ಅಕ್ಕಲಕೋಟೆ ಇನ್ನೂ ನಲವತ್ತು ಕಿಲೋಮೀಟರು ಆಚೆ. ಅಲ್ಲಿಯ ಅನ್ನಛತ್ರದ ಪಂಕ್ತಿಯಲ್ಲಿ ಅವ್ವ ಮನಸ್ಸಿನಲ್ಲೇ ಆಗಲೇ ಕೂತುಬಿಟ್ಟಿದ್ದಳು.

ಕಾರು ಕೆಡುವುದಿದ್ದರೆ ಸೊಲ್ಲಾಪುರದಲ್ಲೇ ಕೆಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಬೇರೆ ಊರಲ್ಲಿ ಒಂದು ಭಾಷೆಯಲ್ಲಿ ಬುದ್ಧಿ ಹೇಳುತ್ತಾರೆ, ಇಲ್ಲಿ ನಾಲ್ಕು ಭಾಷೆಯಲ್ಲಿ. ಬಾನೆಟ್ ಎತ್ತುವುದೇ ತಡ, ಚಾದರದ ಗಂಟು ಹೊತ್ತಿದ್ದವರೊಬ್ಬರು ಅದನ್ನು ಇಳಿಸಿ "ಬ್ಯಾಟರೀ ಪೋಯಿಂದಿ" ಅಂದರು. ಸೈಕಲ್ ನಿಲ್ಲಿಸಿದ ಮರಾಠಿ ಮಾಸ್ತರು "ಪೆಟ್ರೋಲ್ ಯೇತ್ ನಾಹೀ" ಎಂದು ತೀರ್ಪು ಕೊಟ್ಟರು. ಹಣ್ಣಿನ ಗಾಡಿಯವನು ದಖ್ಖನಿಯಲ್ಲಿ "ಸೆಲ್ಫ್ ಗಯಾ ಭಾಯ್" ಎಂದು ಸಂತಾಪ ಸೂಚಿಸಿದ. ಶೇಂಗಾ ಚಟ್ನಿ ಪೊಟ್ಟಣ ಹಿಡಿದಿದ್ದ ನಮ್ಮ ಕನ್ನಡದ ಕಾಕಾ ಮಾತ್ರ ನಂಬರ್ ಪ್ಲೇಟನ್ನೇ ನೋಡಿ, "ಗಡಿ ದಾಟಿದ ಮ್ಯಾಲ ಹಿಂಗ ಆಗ್ತದ್ರಿ" ಅಂದರು. ಅವರ ದುಃಖ ಹಳೆಯದು. ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆಗಳನ್ನು ಆಗಿನ ಮೈಸೂರು ರಾಜ್ಯಕ್ಕೆ ಕೊಡಿ ಎಂದ ಮಹಾಜನ ಆಯೋಗದ ವರದಿ 1967ರಿಂದಲೂ ನಮ್ಮ ಕಾರಿನ ಹಾಗೆ ನಿಂತಲ್ಲೇ ನಿಂತಿದೆ. ತಳ್ಳಿದವರು ಎಷ್ಟೋ ಜನ.

ಬ್ಯಾಟರಿ ಪಕ್ಷದ ಬಾಯಿ ಮುಚ್ಚಿಸಲು ನಾನು ಹಾರ್ನ್ ಹೊಡೆದೆ. ಸಿದ್ಧೇಶ್ವರನ ಕೆರೆಯ ಆ ದಂಡೆಗೂ ಕೇಳಿಸಿತು. ಪಕ್ಷ ಜಗ್ಗಲಿಲ್ಲ. "ಹಾರ್ನಿಗೆ ಎಷ್ಟ್ ಕರೆಂಟ್ ಬೇಕ್ರಿ? ಸೆಲ್ಫ್ ಅಂದ್ರ ನೂರರ ಮ್ಯಾಲ ಆಂಪಿಯರ್ ತಿಂತದ." ಮಾತು ಸುಳ್ಳಲ್ಲ. ಆ ಹಸಿವೆಲ್ಲ ಮನುಷ್ಯನ ರಟ್ಟೆಗೆ ಬದಲಾಗಿ ಬಂದದ್ದು. 1912ರ ಕ್ಯಾಡಿಲಾಕ್ ಕಾರಿಗೆ ಚಾರ್ಲ್ಸ್ ಕೆಟರಿಂಗ್ ಸೆಲ್ಫ್ ಸ್ಟಾರ್ಟರ್ ಮಾಡಿಕೊಡುವ ತನಕ ಜನ ಹ್ಯಾಂಡಲ್ ತಿರುವಿ, ಕೆಲವೊಮ್ಮೆ ಅದೇ ಹ್ಯಾಂಡಲ್ಲಿನಿಂದ ಕೈ ಮುರಿಸಿಕೊಂಡು ಪ್ರಯಾಣ ಹೊರಡುತ್ತಿದ್ದರು. ನಮ್ಮ ಅಂಬಾಸಡರಿಗೂ ಹ್ಯಾಂಡಲ್ ಇತ್ತು. ಮಾರುತಿ ಬಂದ ಮೇಲೆ ಉಳಿದದ್ದು ಧಕ್ಕಾ ಒಂದೇ.

ಕಾರಿನ ಹಿಂದಿನ ಗಾಜಿಗೆ ಅಕ್ಕಲಕೋಟೆಯ ಸ್ವಾಮಿ ಸಮರ್ಥರ ಚಿತ್ರ ಅಂಟಿಸಿದ್ದೆವು. ಅದರ ಕೆಳಗೆ, ಹೆದರಬೇಡ, ನಿನ್ನ ಬೆನ್ನಿಗೆ ನಾನಿದ್ದೇನೆ ಎಂದು ಅಭಯ ಕೊಡುವ ಮರಾಠಿ ಸಾಲು. ಆ ಸಾಲಿನ ಮೇಲೆಯೇ ನಾಲ್ಕೂ ಭಾಷೆಯವರು ಅಂಗೈ ಊರಿದರು. ಎರಡನೇ ಗೇರು, ಕ್ಲಚ್ಚು, "ಬಿಡ್ರಿ!" ಎಂಬ ಕೂಗು. ಕಾರು ಕೆಮ್ಮಿ ಶುರುವಾಯಿತು! ಸ್ಟೀರಿಂಗ್ ಹಿಡಿದಿದ್ದ ಭಾವನವರು ಎಲ್ಲರಿಗೂ ಕೈ ಮುಗಿದು, ನಾವು ಹತ್ತುವ ತನಕ ಪೆಟ್ರೋಲ್ ಯಾಕೆ ಸುಡಬೇಕೆಂದು ಕೀಲಿ ತಿರುವಿ ಬಂದ್ ಮಾಡಿದರು.

ಟಕ್.

ಅಕ್ಕ ಅವರಿಗೆ ಹೇಳಿದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ. ಯಾರೋ ಹೋಗಿ ಮಿಸ್ತ್ರಿಯನ್ನು ಕರೆತಂದರು. ಎಂ-80 ಗಾಡಿ, ತಲೆಗೆ ಮಫ್ಲರು, ಕಿವಿಯ ಸಂದಿಯಲ್ಲಿ ಟೆಸ್ಟರು. ನೆರೆದವರನ್ನೊಮ್ಮೆ ನೋಡಿ, "ಎಲ್ಲಾರೂ ಸುಮ್ನಾಗ್ರಿ, ಗಾಡಿ ಮಾತಾಡ್ಲಿ. ಸೆಲ್ಫ್ ಹೊಡೀರಿ, ಕೇಳೂಣು" ಅಂದರು. ಸೊಲ್ಲಾಪುರದ ಆ ರಸ್ತೆ ಅಷ್ಟು ಹೊತ್ತು ಮೌನವಾಗಿದ್ದದ್ದು ಅದೇ ಮೊದಲಿರಬೇಕು.

ಟಕ್.

"ಟಕಟಕಟಕ ಅಂದ್ರ ಬ್ಯಾಟರಿ ಇಳಿದದ. ಗರ್ ಗರ್ ತಿರಗಿ ಹತ್ತಲಿಲ್ಲಂದ್ರ ಪೆಟ್ರೋಲು, ಇಲ್ಲಾ ಪ್ಲಗ್ಗು. ಏನೂ ಅನ್ಲಿಲ್ಲಂದ್ರ ಕೀಲಿ ಕಡಿ ನೋಡಬೇಕು. ಇದು ಒಂದ ಟಕ್. ದೂಡಿದ್ರ ಚಾಲೂ ಆಗ್ಯದಲ್ಲ? ಹಂಗಿದ್ರ ಪೆಟ್ರೋಲೂ ಬರೋಬರ್, ಕಿಡೀನೂ ಬರೋಬರ್." ಮಾಸ್ತರು ಸೈಕಲ್ ಹತ್ತಿದರು. ಭಾವನವರ ಮುಖ ಅರಳಿತು. ಅವರು ಬಂದ್ ಮಾಡಿದ್ದೂ ತಪಾಸಣೆಯ ಭಾಗವಾಯಿತಲ್ಲ!

ಆಮೇಲೆ ಹೆಡ್‌ಲೈಟ್ ಹಾಕಿಸಿ ಸೆಲ್ಫ್ ಹೊಡೆಸಿದರು. ದೀಪ ಕಣ್ಣು ಮಿಟುಕಿಸಲಿಲ್ಲ. ಬ್ಯಾಟರಿ ಸೋತಿದ್ದರೆ, ಇಲ್ಲವೇ ಸ್ಟಾರ್ಟರ್ ಜಾಮಾಗಿ ಕರೆಂಟು ಎಳೆಯುತ್ತಿದ್ದರೆ ದೀಪ ಮಂಕಾಗಬೇಕಿತ್ತು. ಅಂದರೆ ಕರೆಂಟು ಹೊರಟಿದೆ, ದಾರಿಯಲ್ಲೆಲ್ಲೋ ಸಿಕ್ಕಿಬಿದ್ದಿದೆ. ಮಿಸ್ತ್ರಿ ಮೀಟರ್ ತೆಗೆದರು. ಬ್ಯಾಟರಿ 12.6 ವೋಲ್ಟ್, ಗಟ್ಟಿಮುಟ್ಟು. ಒಂದು ಕಡ್ಡಿ ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ಇಂಜಿನ್ನಿನ ಬರಿಮೈಗೆ ಚುಚ್ಚಿ ಮತ್ತೆ ಸೆಲ್ಫ್. ಅರ್ಧ ವೋಲ್ಟೂ ತೋರಿಸಬಾರದ ಜಾಗದಲ್ಲಿ ಐದು ವೋಲ್ಟ್!

"ಅರ್ಥ್ ಹೋಗ್ಯದ."

ರಸ್ತೆಯ ಮೇಲೆ ಗೋಣಿತಟ್ಟು ಹಾಸಿ ಕೆಳಗೆ ನುಸುಳಿದರು. ಎದ್ದಾಗ ಅವರ ಕೈಯಲ್ಲಿ ಜಡೆಯ ಹಾಗೆ ಹೆಣೆದ ತಾಮ್ರದ ಪಟ್ಟಿ. ಅರ್ಧ ಎಳೆ ಕಡಿದಿವೆ, ಉಳಿದ ಅರ್ಧಕ್ಕೆ ಹಸಿರು ಹಿಟ್ಟು ಹತ್ತಿದೆ, ಬೋಲ್ಟ್ ಕೂರುವ ಉಂಗುರ ತುಕ್ಕು ತಿಂದಿದೆ. ಕರೆಂಟು ಬ್ಯಾಟರಿಗೆ ವಾಪಸು ಬರುವ ಹಾದಿಯೇ ಅದು. ದೀಪ, ಹಾರ್ನುಗಳ ಅರ್ಥ್ ಕಾರಿನ ಬಾಡಿಗೆ ಕೂತಿರುವುದರಿಂದ ಅವು ಮೆರೆಯುತ್ತಿದ್ದವು. ಇಂಜಿನ್ನಿಗೆ ಅಂಟಿಕೊಂಡ ಸ್ಟಾರ್ಟರಿಗೆ ಈ ಕೆಲವು ಎಳೆಗಳೇ ಗತಿ. ಮಿಸ್ತ್ರಿ ಪಾಲಿಶ್ ಪೇಪರಿನಿಂದ ಲೋಹ ಬೆಳ್ಳಗಾಗುವಂತೆ ಉಜ್ಜಿ, ಹೊಸ ಕೇಬಲ್ ಬಿಗಿದು, ಮೇಲೆ ಗ್ರೀಸ್ ಸವರಿದರು. ಕೀಲಿ ತಿರುವುವುದೇ ತಡ, ಕಾರು ಹೊಸ ಮದುಮಗಳ ಮನೆಯವರಿಗಿಂತ ಚುರುಕಾಗಿ ಓಗೊಟ್ಟಿತು.

ಸೋತವರು ಯಾರೂ ಇರಲಿಲ್ಲ ಅನ್ನಿ. ಚಾದರದವರು, "ಬ್ಯಾಟರಿ ವಾಯರೇ ಅಲ್ಲೇನು?" ಅಂದರು. ಹಣ್ಣಿನವನು ಅದು ಸೆಲ್ಫಿನ ಕರೆಂಟೇ ಎಂದು ವಾದಿಸಿದ. ಕಾಕಾ ಮಾತ್ರ, "ಕಡೀಕ ಸಂಬಂಧ ತಪ್ಪಿದ್ದ ಕಾರಣ ಆಯ್ತು ನೋಡ್ರಿ" ಎಂದು ಗಡಿಯ ದಿಕ್ಕಿಗೆ ನಿಟ್ಟುಸಿರು ಬಿಟ್ಟರು.

ಕುಂಭಾರಿ, ವಳಸಂಗ ಯಾವಾಗ ದಾಟಿದವೋ ತಿಳಿಯಲಿಲ್ಲ. ಎಲ್ಲರ ಕಿವಿ ಇಂಜಿನ್ನಿನ ಮೇಲೆ. ಅಕ್ಕಲಕೋಟೆಯಲ್ಲಿ ಹೊಸ ಸಮಸ್ಯೆ. ಬಂದ್ ಮಾಡುವ ಧೈರ್ಯ ಯಾರಿಗೂ ಇಲ್ಲ. ಕೊನೆಗೆ ಕೆಲವರು ವಟವೃಕ್ಷದ ಗುಡಿಗೆ, ಕೆಲವರು ಕಾರಿನೊಳಗೆ, ಪಾಳಿ ಪ್ರಕಾರ ದರ್ಶನ. ನನ್ನ ಪಾಳಿಯಲ್ಲಿ ಪಾರ್ಕಿಂಗ್ ಹುಡುಗ ಬಂದು ಚೀಟಿ ಹರಿದು ಕೊಟ್ಟ. ಗುರುಗುಡುವ ಬಾನೆಟ್ಟಿಗೆ ಕಿವಿಗೊಟ್ಟು ತಲೆ ಅಲ್ಲಾಡಿಸಿದ.

"ಕಾಕಾ, ಪ್ಲಗ್ ತೋರಸ್ರಿ. ನನಗ ಅನಸ್ತದ, ಇದು ಮನಿ ತನಕ ಹೋಗಂಗಿಲ್ಲ."