ಜಿಗ್ ಮೀಮಾಂಸೆ, ಅಥವಾ ಗಿಟಾರ್ ಕಟ್ಟುವ ಮುನ್ನ ಕಟ್ಟಬೇಕಾದವು

ಶಾಸ್ತ್ರವೆಂದ ಮೇಲೆ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ನಾಲ್ಕನ್ನು ಮೊದಲೇ ಹೇಳಿಬಿಡಬೇಕು. ಗಿಟಾರ್ ಕಟ್ಟಬೇಕೆಂಬ ಆಸೆಯಿದ್ದೂ ಇನ್ನೂ ಕಟ್ಟದವನೇ ಇಲ್ಲಿ ಅಧಿಕಾರಿ. ಕಟ್ಟಿಯೇಬಿಟ್ಟವನಿಗೆ ಈ ಗ್ರಂಥ ಬೇಕಿಲ್ಲ, ಆಸೆಯೇ ಇಲ್ಲದವನಿಗೆ ಯೋಗ್ಯತೆಯಿಲ್ಲ. ವಿಷಯ, ಜಿಗ್ಗು ಮತ್ತು ಫಿಕ್ಸ್ಚರು. ಸಂಬಂಧ, ಕ್ಲಾಂಪಿನ ಮೂಲಕ. ಪ್ರಯೋಜನವನ್ನು ಕೊನೆಯಲ್ಲಿ ಹೇಳುತ್ತೇವೆ, ನೆನಪಿದ್ದರೆ.

ಇನ್ನು ಲಕ್ಷಣ. ಪೀಣ್ಯದ ಯಾವ ವರ್ಕ್‌ಶಾಪಿನಲ್ಲಿ ಕೇಳಿದರೂ ಹೇಳುತ್ತಾರೆ: ಕೆಲಸದ ತುಂಡನ್ನು ಅಲುಗಾಡದಂತೆ ಹಿಡಿಯುವುದಷ್ಟೇ ಫಿಕ್ಸ್ಚರು, ಹಿಡಿದು, ಜೊತೆಗೆ ಡ್ರಿಲ್ಲಿಗೋ ಗರಗಸಕ್ಕೋ ದಾರಿ ತೋರಿಸುವುದು ಜಿಗ್ಗು. ಇಷ್ಟು ಸರಳವಾಗಿ ಹೇಳಿದರೆ ಶಾಸ್ತ್ರ ಬೆಳೆಯುವುದಿಲ್ಲವಾದ್ದರಿಂದ ಪರಿಷ್ಕರಿಸುತ್ತೇವೆ: ‘ಉಪಕರಣಗತಿನಿಯಾಮಕತ್ವವಿಶಿಷ್ಟ ವಸ್ತುಧಾರಕತ್ವವೇ ಜಿಗ್ಗುತ್ವ.’ ಮಂಟಪದಲ್ಲಿ ವರನ ಕೈ ಹಿಡಿದು ಮಾಂಗಲ್ಯದ ಗಂಟಿಗೆ ದಾರಿ ತೋರಿಸುವ ಪುರೋಹಿತರಿಗೂ ಈ ಲಕ್ಷಣ ಅನ್ವಯಿಸಿ ಅತಿವ್ಯಾಪ್ತಿ ಬರುತ್ತದಲ್ಲ ಎಂದರೆ, ಬರಲಿ. ಅವರಿಗೆ ನಟ್ಟು ಬೋಲ್ಟು ಇಲ್ಲವೆಂದು ವಾರಿಸಬಹುದು.

ಆಗಮಪ್ರಮಾಣಕ್ಕೆ ಇಟಲಿಯ ಕ್ರೆಮೋನಾಗೆ ಹೋಗಬೇಕು. 1737ರಲ್ಲಿ ತೀರಿಕೊಂಡ ಅಂತೋನಿಯೊ ಸ್ಟ್ರಾಡಿವರಿ ಪಿಟೀಲು ಕಟ್ಟುತ್ತಿದ್ದುದು ಒಳ ಅಚ್ಚಿನ ಸುತ್ತ. ಪಿಟೀಲಿನ ಆಕಾರದ ಒಂದು ಹಲಗೆ, ಅಂಚಿನಲ್ಲಿ ಆರು ಕಚ್ಚು, ಕಚ್ಚಿಗೊಂದು ಮರದ ತುಂಡು, ಅವುಗಳಿಗೆ ಅಂಟಿಕೊಳ್ಳುವಂತೆ ಬಿಸಿಗೆ ಬಗ್ಗಿಸಿದ ತೆಳು ಪಟ್ಟಿ. ಅಂಟು ಒಣಗಿದ ಮೇಲೆ ಅಚ್ಚು ಹೊರಗೆ ಬಂದು ಮುಂದಿನ ಪಿಟೀಲಿಗೆ ಸಿದ್ಧ. ಆ ಅಚ್ಚುಗಳು ಇಂದಿಗೂ ಅದೇ ಊರಿನ ಪಿಟೀಲು ಮ್ಯೂಸಿಯಮ್ಮಿನಲ್ಲಿವೆ. ಆತನ ವಾದ್ಯಗಳಲ್ಲಿ ಉಳಿದಿರುವುದು ಸುಮಾರು 650. ಕ್ಲಾಸಿಕಲ್ ಗಿಟಾರಿನ ತಂತಿಯ ಉದ್ದವೂ ಸಾಮಾನ್ಯವಾಗಿ 650 ಮಿ.ಮೀ. ಇವೆರಡಕ್ಕೂ ಸಂಬಂಧವಿದೆ ಎನ್ನಲು ನಮ್ಮಲ್ಲಿ ಆಧಾರವಿಲ್ಲ, ಉತ್ಸಾಹವಿದೆ.

ಕೆಲವೇ ಅಚ್ಚು, ನೂರಾರು ವಾದ್ಯ ಎಂಬ ಆ ಪ್ರಾಚೀನ ಅನುಪಾತವನ್ನು ಇಂದಿನ ಸಾಧಕರು ತಲೆಕೆಳಗು ಮಾಡಿದ್ದಾರೆ. ಬೀಟೆ ಮರದ ಪಕ್ಕದ ಪಟ್ಟಿ ಬಗ್ಗಿಸಲು ಒಂದು ಯಂತ್ರ, ಬಗ್ಗಿದ್ದು ಸೆಟೆಯದಂತೆ ಹಿಡಿಯಲು ಹೊರ ಅಚ್ಚು, ಅಚ್ಚಿನೊಳಗೆ ಒತ್ತಿ ಹಿಡಿಯಲು ತಿರುಪು. ಅಮೆರಿಕದ ಮಾರ್ಟಿನ್ ಕಂಪನಿ 1969ರಲ್ಲಿ ಬ್ರೆಜಿಲ್ಲಿನ ಮರ ಬಿಟ್ಟು ನಮ್ಮ ಬೀಟೆಗೆ ಬಂತು. ಆ ಬೀಟೆ ಈಗ ಸಾಧಕನ ಅಟ್ಟದ ಮೇಲೆ, ಜಿಗ್ಗು ಮುಗಿಯುವುದನ್ನು ಕಾಯುತ್ತ, ಹದವಾಗಿ ಒಣಗುತ್ತಿದೆ.

ಶಾಸ್ತ್ರದ ನಿಜವಾದ ಗಂಟು ಇರುವುದು ಫ್ರೆಟ್ಟಿನಲ್ಲಿ. ತಂತಿಯ ಉದ್ದವನ್ನು 17.817ರಿಂದ ಭಾಗಿಸಿದರೆ ಮೊದಲ ಫ್ರೆಟ್ಟಿನ ಜಾಗ. ಉಳಿದದ್ದನ್ನು ಮತ್ತೆ ಭಾಗಿಸಿದರೆ ಎರಡನೆಯದು. 650 ಮಿ.ಮೀ.ಗೆ ಮೊದಲನೆಯದು 36.48ರಲ್ಲಿ, ಹನ್ನೆರಡನೆಯದು ಸರಿಯಾಗಿ ನಡುವೆ, 325ರಲ್ಲಿ. ಗೆಲಿಲಿಯೋನ ತಂದೆ ವಿಂಚೆಂಜೊ ಗೆಲಿಲಿ 1581ರಲ್ಲಿ ಲ್ಯೂಟ್ ವಾದ್ಯಕ್ಕೆ ಹದಿನೆಂಟರ ಲೆಕ್ಕ ಹೇಳಿದ್ದ. ಅದನ್ನೇ ಹಿಡಿದರೆ ಗಿಟಾರಿನ ಹನ್ನೆರಡನೆಯ ಫ್ರೆಟ್ಟು ಸುಮಾರು 2.4 ಮಿ.ಮೀ. ಹಿಂದೆ ಬೀಳುತ್ತದೆ. ಮಗ ದೂರದರ್ಶಕ ಹಿಡಿದದ್ದಕ್ಕೆ ಇದೇ ಕಾರಣವೆಂದು ಒಂದು ಪಕ್ಷ. ಆ ಪಕ್ಷದಲ್ಲಿ ಸದ್ಯ ನಾವೊಬ್ಬರೇ ಇದ್ದೇವೆ.

ಕೂದಲೆಳೆಯ ಈ ಲೆಕ್ಕ ಕೈಗೆ ದಕ್ಕುವುದಿಲ್ಲವೆಂದೇ ಜಿಗ್ಗು. ಎರಡು ಬೇರಿಂಗಿನ ನಡುವೆ ಗರಗಸ ನೆಟ್ಟಗೆ ಓಡುತ್ತದೆ. ಫಿಂಗರ್‌ಬೋರ್ಡಿನ ಕೆಳಗೆ ಅಂಟಿಸಿದ ಟೆಂಪ್ಲೇಟಿನ ಕಚ್ಚಿಗೆ ಸಣ್ಣದೊಂದು ಪಿನ್ನು ‘ಟಕ್’ ಎಂದು ಕೂರುತ್ತದೆ. ಕೊಯ್ಯಿ, ಎತ್ತು, ಸರಿಸು, ಟಕ್. ಸೊಗಸಾದ ಸದ್ದು. ಆದರೆ ಆ ಟೆಂಪ್ಲೇಟಿನ ಕಚ್ಚುಗಳನ್ನು ಕೊರೆದದ್ದು ಯಾವ ಜಿಗ್ಗಿನಲ್ಲಿ? ಆ ಜಿಗ್ಗನ್ನು ಮೂಲೆಮಟ್ಟಕ್ಕೆ ಕೂರಿಸಿದ್ದು ಯಾವ ಫಿಕ್ಸ್ಚರಿನಲ್ಲಿ? ಮೂಲೆಮಟ್ಟವೇ ಸರಿಯಿದೆಯೆಂದು ಹೇಳಿದವರಾರು? ಇದು ಅನವಸ್ಥಾ ದೋಷ. ಬೀಜಾಂಕುರ ನ್ಯಾಯದಿಂದ ಅನಾದಿ ಎಂದುಬಿಡಬಹುದು, ಸಾಧಕರು ಹಾಗೆಂದೇ ವರ್ಷಗಟ್ಟಲೆ ಜಿಗ್ಗಿಗೆ ಜಿಗ್ಗು ಮಾಡುತ್ತ ಕೂತಿದ್ದಾರೆ. ಪರಿಹಾರವಿಲ್ಲದೆ ಇಲ್ಲ. ಮೂರು ಲೋಹದ ಫಲಕಗಳನ್ನು ಸರದಿಯಂತೆ ಒಂದಕ್ಕೊಂದು ತಾಳೆನೋಡಿ, ಉಬ್ಬಿದ ಕಡೆ ಕೆರೆಯುತ್ತ ಹೋದರೆ ಮೂರೂ ಸಮತಟ್ಟಾಗುತ್ತವೆ, ಹೊರಗಿನ ಅಳತೆಯೇ ಬೇಡ. ಎರಡೇ ಇದ್ದರೆ ಒಂದರ ಉಬ್ಬು ಇನ್ನೊಂದರ ತಗ್ಗಿನಲ್ಲಿ ಅಡಗಿಕೊಳ್ಳುತ್ತದೆ. ಮೂರನೆಯದು ಸಾಕ್ಷಿ ಹೇಳುತ್ತದೆ. ಆದ್ದರಿಂದ ಗಿಟಾರ್ ಕಟ್ಟಬಯಸುವವನು ಮೊದಲು ಮೂರು ಫಲಕ ಕೆರೆಯಲಿ, ಇತಿ ಸಿದ್ಧಾಂತ.

ಇಲ್ಲಿ ಪೂರ್ವಪಕ್ಷಿಯೊಬ್ಬ ಎದ್ದು ನಿಲ್ಲುತ್ತಾನೆ. ‘ಸ್ವಾಮಿ, ಬೆಂಗಳೂರು ಗ್ರಾಮಾಂತರದ ಸಿಂಪಾಡಿಪುರದಲ್ಲಿ ಹಲಸಿನ ಮರದಲ್ಲಿ ವೀಣೆ ಮಾಡುತ್ತಾರೆ. ವೀಣೆಯ ದಂಡಿಯ ಮೇಲೆ ಕರಿ ಮೇಣ ಹಾಕಿ, ಇಪ್ಪತ್ತನಾಲ್ಕು ಹಿತ್ತಾಳೆ ಮೆಟ್ಟಿಲು ಕೂರಿಸುವ ಮೇಳ ಕಟ್ಟುವವರು ತಂತಿ ಮೀಟಿ ನೋಡುತ್ತಾರೆ, ಒಂಚೂರು ಸರಿಸುತ್ತಾರೆ, ಮತ್ತೆ ಮೀಟುತ್ತಾರೆ. ದಶಾಂಶವೂ ಇಲ್ಲ, ಬೇರಿಂಗೂ ಇಲ್ಲ, ಪಿನ್ನೂ ಇಲ್ಲ. ಶ್ರುತಿ ಮಾತ್ರ ಇದೆ. ಹಾಗಿದ್ದರೆ ನಿಮ್ಮ ಶಾಸ್ತ್ರ?’

ಆಕ್ಷೇಪ ಬಲವಾದದ್ದು. ಸಮಾಧಾನ ಹೀಗೆ: ಅಲ್ಲಿ ಕಿವಿಯೇ ಜಿಗ್ಗು, ಕೈಯ ಗತಿಯನ್ನು ಅದು ನಿಯಮಿಸುವುದರಿಂದ. ಮೇಣವೇ ಫಿಕ್ಸ್ಚರು, ಮೆಟ್ಟಿಲನ್ನು ಹಿಡಿದಿಡುವುದರಿಂದ. ಮೇಣ ಹಳತಾದಾಗ ಮೇಳ ಹೊಸದಾಗಿ ಕಟ್ಟಿಸುವುದೂ ಶಾಸ್ತ್ರಸಮ್ಮತವೇ, ಜಿಗ್ಗುಗಳಿಗೂ ಜೀರ್ಣೋದ್ಧಾರ ಉಂಟು. ಆದರೆ ಪೂರ್ವಪಕ್ಷಿ ಸುಮ್ಮನಾಗುವ ಕುಳವಲ್ಲ. ‘ಜಿಗ್ಗು ಮಾಡಲು ಜಿಗ್ಗು ಬೇಕೆಂದಿರಿ. ಕಿವಿಯೆಂಬ ಜಿಗ್ಗನ್ನು ತಯಾರಿಸುವಾಗ ಅದನ್ನು ಅಲುಗಾಡದಂತೆ ಹಿಡಿಯುವ ಫಿಕ್ಸ್ಚರು ಯಾವುದು?’

ಅದು ಬಹಳ ಹಿಂದಿನಿಂದಲೂ ಬಳಕೆಯಲ್ಲಿದೆ: ಪಾಠ ಹೇಳುವ ಮೇಷ್ಟರ ಹೆಬ್ಬೆರಳು ಮತ್ತು ತೋರುಬೆರಳು.